ಕ್ರಿಸ್ಮಸ್ ಮರದ ಬೇಸಾಯ: ಅದರ ಲಾಭನಷ್ಟಗಳ ವಿಚಾರ

ಹಬ್ಬದ ದಿನಕ್ಕಾಗಿಯೇ ಬೆಳೆಯತಕ್ಕ ಬೆಳೆಗಳು ಈ ನಾಡಿನ ರೈತರಿಗೆ ಹೊಸತಲ್ಲ. ಆಯುಧಪೂಜೆಯ ಮುಂಚಿನ ಎರಡು ದಿನ ಬೂದುಗುಂಬಳಕ್ಕೂ ಸೇವಂತಿಗೆಗೂ ಇರುವ ಬೆಲೆಯು ವಿಜಯದಶಮಿಯ ಮಾರನೆಯ ದಿನ ಇರುವುದಿಲ್ಲ. ಸಂಕ್ರಾಂತಿಯ ಕಬ್ಬಿನ ಜಲ್ಲೆ, ಗೌರಿಹಬ್ಬದ ಬಾಳೆಕಂದು ಇವುಗಳ ಗತಿಯೂ ಹೀಗೆಯೇ. ಗಾಡಿಯು ಒಂದು ದಿನ ತಡವಾಗಿ ಪೇಟೆಯನ್ನು ಮುಟ್ಟಿದರೆ ಮಾಲು ದನಗಳ ಪಾಲಾಗುವುದು. ಆದರೂ ಇಂಥ ಬೆಳೆಯಲ್ಲಿ ಎಡವಿದ ರೈತನು ಕಳೆದುಕೊಳ್ಳುವುದು ಮೂರು ನಾಲ್ಕು ತಿಂಗಳ ದುಡಿಮೆಯನ್ನು ಮಾತ್ರ. ಮುಂದಿನ ಹಂಗಾಮಿನಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಅವನಿಗೆ ಅವಕಾಶವುಂಟು. ಬೀಜ ಬಿತ್ತಿದಂದಿನಿಂದ ಹತ್ತು ಹನ್ನೆರಡು ವರ್ಷ ಕಾದು, ಕಡೆಗೆ ವರ್ಷದಲ್ಲಿ ನಾಲ್ಕೈದು ವಾರಗಳ ಒಳಗೆ ಮಾರಿಬಿಡಬೇಕಾದ ಹಬ್ಬದ ಬೆಳೆಯೊಂದು ಪಶ್ಚಿಮ ದೇಶಗಳಲ್ಲಿರುವುದು. ಅದೇ ಕ್ರಿಸ್ಮಸ್ ಮರ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ಮರವೊಂದು ೭೫ ಡಾಲರಿಗೆ ಮಾರುವುದೆಂದು ಕೇಳಿದ ಜಮೀನುದಾರರು, ಎಕರೆಗೆ ಇಷ್ಟು ಮರವೆಂದು ಗುಣಿಸಿ ನೋಡಿ ಬೆರಗಾಗುವುದು ಸಹಜವೇ ಸರಿ. ಅಲ್ಪ ಭೂಮಿಯುಳ್ಳವನು ಇದನ್ನೊಂದು ಸಣ್ಣ ಉದ್ಯೋಗವಾಗಿ ನಡೆಯಿಸಿ ಲಾಭ ಪಡೆಯಬಹುದೇ, ಮೇಲಿನ ಗುಣಾಕಾರದಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಡಿಸೆಂಬರ್ ೨೫ನೆಯ ತಾರೀಖಿನ ಹಬ್ಬಕ್ಕಾಗಿ ಕ್ರೈಸ್ತರು ತಮ್ಮ ಮನೆಯೊಳಗೆ, ಚಳಿಗಾಲದಲ್ಲಿಯೂ ಹಸಿರಾಗಿರುವ ಸೂಜಿಯೆಲೆಯ ಮರವೊಂದನ್ನು ನಿಲ್ಲಿಸಿ ದೀಪಗಳಿಂದಲೂ ಬಣ್ಣದ ಗುಂಡುಗಳಿಂದಲೂ ಅಲಂಕರಿಸುವರು. ಜರ್ಮನ್ ಸೀಮೆಗಳಲ್ಲಿ ೧೬ನೆಯ ಶತಮಾನದಲ್ಲಿಯೇ ಈ ಪದ್ಧತಿಯು ಬಳಕೆಗೆ ಬಂದಿದ್ದಿತು. ವಿಕ್ಟೋರಿಯಾ ರಾಣಿಯವರೂ ಅವರ ಪತಿ ಆಲ್ಬರ್ಟರೂ ಮಕ್ಕಳೊಡನೆ ಇಂಥ ಮರದ ಬಳಿ ನಿಂತಿರುವ ಚಿತ್ರವು ೧೮೪೮ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ ಇಂಗ್ಲೆಂಡಿನಲ್ಲಿ ಇದು ಮನೆಮನೆಗೂ ಹಬ್ಬಿತು. ಅಮೆರಿಕಾದವರೂ ಅದನ್ನೇ ಅನುಸರಿಸಿದರು. ೧೮೫೧ರಲ್ಲಿ ಕ್ಯಾಟ್ಸ್‌ಕಿಲ್ ಬೆಟ್ಟಗಳ ಮಾರ್ಕ್ ಕಾರ್ ಎಂಬುವನು ಕಾಡಿನಲ್ಲಿ ಕಡಿದ ಮರಗಳನ್ನು ಎರಡು ಜಾರುಬಂಡಿಗಳಲ್ಲಿ ಹೇರಿಕೊಂಡು ನ್ಯೂಯಾರ್ಕ್ ಪಟ್ಟಣಕ್ಕೆ ತಂದು, ರಸ್ತೆಯ ಬದಿಯಲ್ಲಿ ಜಾಗವನ್ನು ಬಾಡಿಗೆಗೆ ಹಿಡಿದು ಮಾರಿದನು. ಆ ಬಳಿಕ ಅರ್ಧ ಶತಮಾನದವರೆಗೆ ಈ ವ್ಯಾಪಾರವೆಲ್ಲವೂ ಕಾಡಿನ ಮರದಿಂದಲೇ ಸಾಗಿತು. ಪುಕ್ಕಟೆಯಾಗಿ ದೊರೆಯುವ ವಸ್ತುವನ್ನು ಹೊಲದಲ್ಲಿ ಬೆಳೆಯುವ ಯೋಚನೆ ಯಾರಿಗೆ ತಾನೇ ಬಂದೀತು? ೧೯೦೧ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಮೆಕ್‌ಗ್ಯಾಲಿಯಾರ್ಡ್ ಎಂಬ ಬೇಸಾಯಗಾರನು ತನ್ನ ಜಮೀನಿನಲ್ಲಿ ೨೫,೦೦೦ ಸ್ಪ್ರೂಸ್ ಸಸಿಗಳನ್ನು ನಾಟಿಮಾಡಿ, ೧೯೦೮ರಲ್ಲಿ ಮರಕ್ಕೆ ಒಂದು ಡಾಲರಿನಂತೆ ಮಾರಲಾರಂಭಿಸಿದನು. ಈ ಬೇಸಾಯದ ಪ್ರಾರಂಭವನ್ನು ಅಲ್ಲಿಂದಲೇ ಎಣಿಸುವುದು ವಾಡಿಕೆ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಸಹ ಹಡ್ಸನ್ ನದಿಯ ಬಳಿಯ ತಮ್ಮ ಜಮೀನಿನಲ್ಲಿ ಇವುಗಳನ್ನು ಬೆಳೆಯಿಸಿ ಮಾರುತ್ತಿದ್ದರು; ೧೯೪೪ರ ಚುನಾವಣೆಯಲ್ಲಿ ಮತ ಕೊಡಲು ಹೋದಾಗ ತಮ್ಮ ಕಸಬು ಮರ ಬೆಳೆಯುವುದೆಂದೇ ಹೇಳಿದರು.

ಇಂದು ಆ ದೇಶದಲ್ಲಿ ವರ್ಷಕ್ಕೆ ಎರಡೂವರೆ ಕೋಟಿಯಿಂದ ಮೂರು ಕೋಟಿಯವರೆಗೆ ಹಸಿ ಮರಗಳು ಮಾರಾಟವಾಗುವುವೆಂದು ಬೆಳೆಗಾರರ ಸಂಘದ ಅಂದಾಜು. ಒರೆಗಾನ್ ಮತ್ತು ಉತ್ತರ ಕೆರೋಲಿನಾ ಸಂಸ್ಥಾನಗಳು ಇದರಲ್ಲಿ ಮುಂದಾಗಿರುವುವು. ಕೆನಡಾದಲ್ಲಿಯೂ ಯೂರೋಪಿನ ಡೆನ್ಮಾರ್ಕಿನಲ್ಲಿಯೂ ಹೊರದೇಶಗಳಿಗೆ ಕಳುಹಿಸುವುದಕ್ಕಾಗಿಯೇ ವಿಶೇಷವಾಗಿ ಬೆಳೆಯುವರು. ಅದೇ ಸಂಘದ ಲೆಕ್ಕದಂತೆ ಅಮೆರಿಕಾದ ಹೊಲಗಳಲ್ಲಿ ಬೆಳೆಯುತ್ತ ನಿಂತಿರುವ ಮರಗಳು ಸುಮಾರು ೩೫ ಕೋಟಿ. ಈ ಎರಡು ಸಂಖ್ಯೆಗಳನ್ನು ಜೊತೆಯಾಗಿಟ್ಟು ನೋಡಿದರೆ ಈ ಬೇಸಾಯದ ಮರ್ಮವು ತಿಳಿಯುವುದು. ಮಾರಾಟವಾದ ಒಂದೊಂದು ಮರದ ಹಿಂದೆಯೂ ಹತ್ತು ಹನ್ನೆರಡು ಮರಗಳು ಕಾಸನ್ನೂ ತಾರದೆ, ಆರೈಕೆಯನ್ನು ಮಾತ್ರ ಬೇಡುತ್ತ ನಿಂತಿರುವುವು.

ಬೇಸಾಯದ ಕ್ರಮವು ಹೀಗಿರುವುದು. ಉತ್ತರ ಕೆರೋಲಿನಾದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟಕ್ಕೆ ೩,೦೦೦ ಅಡಿ ಮೇಲ್ಪಟ್ಟ ಇಳಿಜಾರು ಭೂಮಿಯಲ್ಲಿ ಬೆಳೆಯುವ ಫ್ರೇಸರ್ ಫರ್ ಎಂಬ ಜಾತಿಯು ಬಹಳ ಹೆಸರಾದದ್ದು. ಇದು ಹಿಮಾಲಯದ ದೇವದಾರುವಿನ ವಂಶಕ್ಕೆ ಸೇರಿದುದು. ಕೊಂಬೆಗಳು ಗಟ್ಟಿಯಾಗಿ ಮೇಲ್ಮುಖವಾಗಿರುವುದರಿಂದ ಅಲಂಕಾರದ ಭಾರವನ್ನು ತಾಳುವುವು. ಕಡಿದು ಹಲವು ವಾರಗಳಾದರೂ ಎಲೆ ಉದುರುವುದಿಲ್ಲ. ಬೀಜವನ್ನು ಒಟ್ಲುಪಾತಿಯಲ್ಲಿ ಚೆಲ್ಲಿ, ಸಸಿಗಳನ್ನು ಒಂದು ಸಾರಿ ಕಿತ್ತು ನೆಟ್ಟು, ನಾಲ್ಕೈದು ವರ್ಷ ಅಲ್ಲಿಯೇ ಸಾಕುವರು. ಸಣ್ಣ ಬೇಸಾಯಗಾರರು ಈ ಕೆಲಸಕ್ಕೆ ಕೈಹಾಕದೆ ಬೆಳೆದ ಸಸಿಗಳನ್ನೇ ಕೊಂಡು ತರುವುದುಂಟು. ಅನಂತರ ಹೊಲದಲ್ಲಿ ಐದೈದು ಅಡಿಗೊಂದರಂತೆ ನಾಟಿಮಾಡುವರು. ಅಲ್ಲಿಂದ ಮುಂದೆ ಏಳೆಂಟು ವರ್ಷಗಳಿಗೆ ಮರವು ಆರೇಳು ಅಡಿ ಎತ್ತರಕ್ಕೆ ಬಂದು ಕಡಿಯಲು ಯೋಗ್ಯವಾಗುವುದು. ಪೈನ್ ಜಾತಿಯ ಕೆಲವು ಮರಗಳು ಇದಕ್ಕಿಂತ ಬೇಗ ಬೆಳೆಯುವುವು. ಆದರೆ ಅವುಗಳಿಗೆ ಅಷ್ಟು ಬೆಲೆಯಿಲ್ಲ.

ನಾಟಿಯಾದ ಮೊದಲಿನ ಎರಡು ಮೂರು ವರ್ಷ ಕಳೆಯದೇ ಮುಖ್ಯ ಶತ್ರು. ಮೊಣಕಾಲುದ್ದದ ಸಸಿಯನ್ನು ಹುಲ್ಲು ಮುಚ್ಚಿಬಿಟ್ಟರೆ ಕೆಳಗಿನ ಕೊಂಬೆಗಳು ಒಣಗುವುವು. ಹಾಗೆ ಒಣಗಿದ ಕೊಂಬೆಯು ಮರಳಿ ಚಿಗುರುವುದಿಲ್ಲ. ಬುಡವು ಬೋಳಾದ ಮರವನ್ನು ಯಾರೂ ಕೊಳ್ಳುವುದಿಲ್ಲ. ಯೂರೋಪಿನ ಕೆಲವು ಕಡೆ ಷ್ರಾಪ್‌ಷೈರ್ ಎಂಬ ತಳಿಯ ಕುರಿಗಳನ್ನು ಸಾಲುಗಳ ನಡುವೆ ಬಿಟ್ಟು ಹುಲ್ಲು ಮೇಯಿಸುವರು. ಈ ತಳಿಗೆ ಸೂಜಿಯೆಲೆಯು ಅಷ್ಟಾಗಿ ರುಚಿಸದು. ಬೇರೆ ಕುರಿಗಳನ್ನು ಬಿಟ್ಟರೆ ಹುಲ್ಲಿನೊಡನೆ ಬೆಳೆಯೂ ಹೋದೀತು.

ಆದರೆ ಬೆಳೆಗಾರನ ನಿಜವಾದ ಕಸಬು ಸವರುವ ಕೆಲಸದಲ್ಲಿರುವುದು. ಕಾಡಿನಲ್ಲಿ ತಾನಾಗಿ ಬೆಳೆದ ಮರವು ಉದ್ದವಾಗಿ, ಕೊಂಬೆಗೂ ಕೊಂಬೆಗೂ ನಡುವೆ ಬಯಲು ಬಿಟ್ಟುಕೊಂಡು ನಿಲ್ಲುವುದು. ಕೊಳ್ಳುವವರು ಬಯಸುವುದಾದರೋ ಬುಡದಲ್ಲಿ ಅಗಲವಾಗಿ, ತುದಿಗೆ ಹೋಗುತ್ತ ಕಿರಿದಾಗಿ, ರಾಗಿಯ ಬಣವೆಯ ಕೊಡಿಯಂತೆ ಒತ್ತಾಗಿರುವ ಮರವನ್ನು. ಆದುದರಿಂದ ನೆಟ್ಟ ಮೂರು ನಾಲ್ಕು ವರ್ಷದಿಂದ ಮೊದಲುಗೊಂಡು ಪ್ರತಿವರ್ಷವೂ ಪ್ರತಿಯೊಂದು ಮರವನ್ನೂ ಉದ್ದನೆಯ ಕತ್ತಿಯಿಂದ ಸುತ್ತಲೂ ಸವರಿ, ನೆತ್ತಿಯ ಚಿಗುರನ್ನು ಸುಮಾರು ಒಂದಡಿಗೆ ಮೊಟಕುಮಾಡುವರು. ನೆತ್ತಿಯು ಎರಡಾಗಿ ಕವಲೊಡೆದರೆ ಒಂದನ್ನು ತೆಗೆಯತಕ್ಕದ್ದು. ಫರ್ ಮರಗಳಿಗೆ ಈ ಕೆಲಸವು ಬೇಸಗೆಯಲ್ಲಿ ಚಿಗುರು ಬಲಿತ ಮೇಲೆ. ಪೈನ್ ಮರಗಳಿಗೆ ಚಿಗುರು ಎಳೆಯದಾಗಿರುವಾಗಲೇ. ಒಂದು ವರ್ಷ ಉದಾಸೀನಮಾಡಿದರೆ ಆ ಲೋಪವು ಮಾರುವ ದಿನದವರೆಗೂ ಮರದ ಮೈಮೇಲೆ ಕಾಣುತ್ತಿರುವುದು. ಕಾಫಿ ತೋಟದಲ್ಲಿ ಗಿಡ ಸವರುವ ನುರಿತ ಆಳಿಗೆ ಎಷ್ಟು ಬೆಲೆಯೆಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಅಮೆರಿಕಾದ ದೊಡ್ಡ ತೋಟಗಳವರು ಈ ಕೆಲಸಕ್ಕಾಗಿ ಮೆಕ್ಸಿಕೋ ದೇಶದಿಂದ ಬರುವ ಕೂಲಿಗಾರರನ್ನೇ ಬಹುವಾಗಿ ನಂಬಿರುವರು.

ನವೆಂಬರ್ ತಿಂಗಳಲ್ಲಿ ಕಡಿತವು ಪ್ರಾರಂಭವಾಗುವುದು. ಕಡಿದ ಮರವನ್ನು ಯಂತ್ರದ ಕೊಳವೆಯೊಂದರ ಮೂಲಕ ಎಳೆದರೆ ಕೊಂಬೆಗಳು ಮಡಿಸಿಕೊಂಡು ಬಲೆಯ ಚೀಲದಲ್ಲಿ ಬಿಗಿಯಾಗುವುವು. ಒರೆಗಾನಿನ ದೊಡ್ಡ ಬೆಳೆಗಾರರು ಹೊಲದಿಂದ ಲಾರಿಯವರೆಗೆ ಮರದ ಕಟ್ಟುಗಳನ್ನು ಹೆಲಿಕಾಪ್ಟರಿನಿಂದ ಎತ್ತಿ ಸಾಗಿಸುವರು. ನೋಡುವವರಿಗೆ ಇದು ಆಡಂಬರವಾಗಿ ತೋರಬಹುದು. ಮಾಲು ಪೇಟೆ ಸೇರಬೇಕಾದ ದಿನಗಳು ಎಷ್ಟು ಸ್ವಲ್ಪವೆಂಬುದಕ್ಕೆ ಅದೇ ಗುರುತು.

ಇನ್ನು ಗುಣಾಕಾರದ ವಿಷಯ. ಎಕರೆಯೊಂದಕ್ಕೆ ೪೩,೫೬೦ ಚದರ ಅಡಿ. ಮರವೊಂದಕ್ಕೆ ೨೫ ಚದರ ಅಡಿಯಂತೆ ೧,೭೪೨ ಮರಗಳಾಗುವುವು. ೭೫ ಡಾಲರಿನಿಂದ ಗುಣಿಸಿದರೆ ೧,೩೦,೬೫೦ ಡಾಲರು ಬರುವುದು. ಈ ಲೆಕ್ಕದಲ್ಲಿ ಗಣಿತದ ತಪ್ಪೇನೂ ಇಲ್ಲ. ವ್ಯವಸಾಯದ ತಪ್ಪುಗಳು ನಾಲ್ಕಾರು ಇರುವುವು. ಮೊದಲನೆಯದಾಗಿ ೭೫ ಡಾಲರು ಎಂಬುದು ಪಟ್ಟಣದ ಗಿರಾಕಿಯು ಕೊಡುವ ಬೆಲೆ. ಸಗಟಾಗಿ ಮಾರುವ ಬೆಳೆಗಾರನಿಗೆ ಸೇರುವುದು ಅದರಲ್ಲಿ ಒಂದು ಪಾಲು ಮಾತ್ರ. ಮಿಕ್ಕದ್ದು ಲಾರಿ, ದಳ್ಳಾಳಿ, ಅಂಗಡಿಗಳ ನಡುವೆ ಹಂಚಿಹೋಗುವುದು. ನೆಟ್ಟ ಸಸಿಗಳೆಲ್ಲವೂ ಬದುಕುವುದಿಲ್ಲ, ಬದುಕಿದವೆಲ್ಲವೂ ಚೆಲುವಾಗುವುದಿಲ್ಲ. ಹೊಲದಲ್ಲಿ ಓಡಾಡಲು ದಾರಿ ಬಿಡಬೇಕು. ಎಲ್ಲಕ್ಕಿಂತ ಹೆಚ್ಚಿನದು ಕಾಲ. ನಾಟಿಯ ವರ್ಷ ಖರ್ಚುಮಾಡಿದ ೧೦೦ ರೂಪಾಯಿಗೆ ನೂರಕ್ಕೆ ೮ರಂತೆ ಚಕ್ರಬಡ್ಡಿ ಹಾಕಿದರೆ ಒಂಬತ್ತು ವರ್ಷಕ್ಕೆ ಅದು ೨೦೦ ರೂಪಾಯಿ ಆಗುವುದು. ಅಂದರೆ ಮೊದಲನೆಯ ವರ್ಷದ ವೆಚ್ಚವನ್ನು ಎರಡರಷ್ಟೆಂದೇ ಭಾವಿಸಿ ಲೆಕ್ಕ ಹಾಕತಕ್ಕದ್ದು. ಇಷ್ಟರ ನಡುವೆ ಆ ಭೂಮಿಯಿಂದ ಬರಬಹುದಾಗಿದ್ದ ಬೇರೆ ಫಸಲುಗಳೂ ಇಲ್ಲವಾಗುವುವು.

ಇಂಥ ಗುಣಾಕಾರವನ್ನೇ ಮುಂದಿಟ್ಟು ೧೯೯೦ರ ದಶಕದಲ್ಲಿ ಭಾರತದಲ್ಲಿಯೂ ತೇಗದ ತೋಪುಗಳ ಹೆಸರಿನಲ್ಲಿ ಕಂಪೆನಿಗಳು ಜನರಿಂದ ಹಣ ಕೂಡಿಸಿದ್ದುದನ್ನು ಹಿರಿಯರು ಮರೆತಿರಲಾರರು. ಒಂದು ಸಸಿಗೆ ಇಷ್ಟು ಕೊಟ್ಟರೆ ಇಪ್ಪತ್ತು ವರ್ಷಕ್ಕೆ ಇಷ್ಟು ಲಕ್ಷವೆಂದು ಅಚ್ಚುಮಾಡಿದ ಕಾಗದಗಳು ಊರೂರಿಗೂ ಬಂದಿದ್ದವು. ಹಣ ಹಾಕಿದ ಅನೇಕರಿಗೆ ಅಸಲು ಕೂಡ ಹಿಂದಿರುಗಲಿಲ್ಲ. ಕ್ರಿಸ್ಮಸ್ ಮರವಾಗಲಿ ತೇಗವಾಗಲಿ ಶ್ರೀಗಂಧವಾಗಲಿ, ಮರದ ಸಂಖ್ಯೆಯನ್ನು ಇಂದಿನ ಬೆಲೆಯಿಂದ ಗುಣಿಸಿ ತೋರಿಸುವವನನ್ನು ಕಡಿಯುವ ವರ್ಷದ ಬೆಲೆಯನ್ನು ಹೇಳೆಂದು ಕೇಳಿದರೆ ಸಾಕು.

ಆ ಬೆಲೆಯನ್ನು ಯಾರೂ ಹೇಳಲಾರರೆಂಬುದಕ್ಕೆ ಅಮೆರಿಕಾದ ಕಳೆದ ಕೆಲವು ವರ್ಷಗಳೇ ಸಾಕ್ಷಿ. ಒಳ್ಳೆಯ ಬೆಲೆಯನ್ನು ನಂಬಿ ೨೦೦೦ದ ಆಸುಪಾಸಿನಲ್ಲಿ ಅಗತ್ಯಕ್ಕೆ ಮೀರಿ ನಾಟಿಮಾಡಿದರು. ಆ ಮರಗಳು ಕಡಿತಕ್ಕೆ ಬರುವ ಹೊತ್ತಿಗೆ, ೨೦೦೮ರಲ್ಲಿ, ದೇಶದಲ್ಲೆಲ್ಲ ಹಣಕಾಸಿನ ಮುಗ್ಗಟ್ಟು ತಲೆದೋರಿತು. ಕೊಳ್ಳುವವರು ಕಡಿಮೆ, ಮರಗಳು ಹೆಚ್ಚು. ಎಷ್ಟೋ ಮಂದಿ ಬೇಸಾಯವನ್ನೇ ಬಿಟ್ಟರು. ಉಳಿದವರು ನಾಟಿಯನ್ನು ತಗ್ಗಿಸಿದರು. ಹಾಗೆ ನೆಡದೆ ಉಳಿದ ಮರಗಳ ಕೊರತೆಯು ಎಂಟು ಹತ್ತು ವರ್ಷಗಳ ಮೇಲೆ ಕಾಣಿಸಿಕೊಂಡು, ಹಿಂದೆ ಸರಾಸರಿ ೪೦ ಡಾಲರಿನ ಸುತ್ತಮುತ್ತಲಿದ್ದ ಮರದ ಬೆಲೆಯು ೨೦೧೭ರ ವೇಳೆಗೆ ೭೫ ಡಾಲರಿಗೆ ಏರಿತು. ಏರಿದ ಬೆಲೆಯ ಲಾಭವು, ಬೆಲೆ ಕುಸಿದಿದ್ದಾಗ ಎದೆಗೆಡದೆ ನೆಟ್ಟವನಿಗೆ ದೊರೆಯಿತಲ್ಲದೆ, ೭೫ ಡಾಲರೆಂದು ಕೇಳಿ ನೆಡಲು ಹೊರಟವನಿಗಲ್ಲ. ಅಡಿಕೆಗೆ ಬೆಲೆ ಬಂದ ವರ್ಷ ಬತ್ತದ ಗದ್ದೆಗಳಿಗೂ ಅಡಿಕೆ ಸಸಿಯನ್ನು ಇಡುವವರನ್ನು ಈ ನಾಡಿನವರು ಕಂಡೇ ಇರುವರು. ಅಡಿಕೆಯ ತೋಟವಾದರೆ ಹಲವು ದಶಕ ಫಲಕೊಡುವುದು. ಬೆಲೆ ಬಿದ್ದಾಗ ಮಾಲನ್ನು ಕೆಲವು ತಿಂಗಳು ಮನೆಯಲ್ಲಿಟ್ಟು ಕಾಯಲೂ ಬಹುದು. ಕ್ರಿಸ್ಮಸ್ ಮರಕ್ಕೆ ಆ ಸೌಕರ್ಯವಿಲ್ಲ. ಎರಡು ಮೂರು ವರ್ಷ ಕಡಿಯದೆ ಬಿಟ್ಟರೆ ಅದು ಮನೆಯ ಸೂರಿಗೆ ತಗಲುವಷ್ಟು ಬೆಳೆದುಬಿಡುವುದು. ಅನಂತರ ಅದನ್ನು ಕೇಳುವವರು ಚರ್ಚಿನವರೂ ಪುರಸಭೆಯವರೂ ಮಾತ್ರ. ಮರಮುಟ್ಟಿಗೂ ಅದು ಆಗದು.

ಇದಲ್ಲದೆ ಕೃತಕ ಮರದ ಸ್ಪರ್ಧೆಯೂ ಉಂಟು. ೧೯ನೆಯ ಶತಮಾನದಲ್ಲಿ ಜರ್ಮನರು ಹಸಿರು ಬಣ್ಣ ಕಟ್ಟಿದ ಹೆಬ್ಬಾತಿನ ಗರಿಗಳಿಂದ ಇಂಥವನ್ನು ಮಾಡುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಮರಗಳು ಬಹುಮಟ್ಟಿಗೆ ಚೀನಾ ದೇಶದಿಂದ ಬರುವುವು. ಒಂದು ಸಾರಿ ಕೊಂಡರೆ ಹತ್ತು ವರ್ಷ ಬಾಳುವುದರಿಂದ ಅಮೆರಿಕಾದಲ್ಲಿ ಮರವಿಡುವ ಮನೆಗಳ ಪೈಕಿ ಬಹುಪಾಲಿನವರು ಕೃತಕ ಮರವನ್ನೇ ಇಡುತ್ತಿರುವರು. ಹಸಿ ಮರದ ಬೆಲೆ ಮಿತಿಮೀರಿದ ವರ್ಷ ಕೈಬಿಟ್ಟು ಹೋದ ಗಿರಾಕಿಯು ಬೆಲೆ ಇಳಿದಾಗ ಹಿಂದಿರುಗುವನೆಂಬ ನಂಬಿಕೆಯಿಲ್ಲ.

ರೋಗರುಜಿನಗಳ ಪೈಕಿ ಒಂದನ್ನು ಮಲೆನಾಡಿನವರು ವಿಶೇಷವಾಗಿ ಗಮನಿಸತಕ್ಕದ್ದು. ಫ್ರೇಸರ್ ಫರ್ ಮರಕ್ಕೆ ನೀರು ಬಸಿಯದ ಭೂಮಿಯಲ್ಲಿ ಬೇರು ಕೊಳೆಯುವ ರೋಗವೊಂದು ತಗಲುವುದು. ಅದಕ್ಕೆ ಕಾರಣವಾದ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯು ಅಡಿಕೆಯ ಕೊಳೆರೋಗವನ್ನುಂಟುಮಾಡುವ ಜೀವಿಯ ದಾಯಾದಿಯೇ. ಕೊಳೆರೋಗದ ಕಾರಣವನ್ನು ಶೋಧಿಸಿ ೧೯೧೦ರಲ್ಲಿ ಪ್ರಕಟಿಸಿದ ಲೆಸ್ಲಿ ಕೋಲ್‌ಮನ್ನರು, ಮುಂದೆ ಮೈಸೂರು ವ್ಯವಸಾಯ ಇಲಾಖೆಯ ನಿರ್ದೇಶಕರಾದವರು, ಕ್ರಿಸ್ಮಸ್ ಮರಗಳ ಕೆನಡಾ ದೇಶದವರೇ ಆಗಿದ್ದುದು ಒಂದು ಸ್ವಾರಸ್ಯ. ಅಡಿಕೆಗೆ ಗೊನೆಯ ಮೇಲೆ ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಫಸಲನ್ನು ಉಳಿಸಿಕೊಳ್ಳಬಹುದು. ಫರ್ ಮರದ ರೋಗವಾದರೋ ನೆಲದಲ್ಲಿಯೇ ನಿಲ್ಲುವುದು. ಒಮ್ಮೆ ಹೊಕ್ಕ ಹೊಲವು ಆ ಬೆಳೆಗೆ ಮತ್ತೆ ಒದಗುವುದು ಕಷ್ಟ. ಜಪಾನಿನ ಮೋಮಿ ಫರ್ ಎಂಬ ಜಾತಿಯು ಇದನ್ನು ಸ್ವಲ್ಪ ತಡೆಯುವುದರಿಂದ ಅದರ ಬೇರಿನ ಮೇಲೆ ಫ್ರೇಸರಿನ ಕಸಿ ಕಟ್ಟುವ ಕ್ರಮವು ಬಳಕೆಗೆ ಬಂದಿರುವುದು. ಹವೆಯ ವೈಪರೀತ್ಯವೂ ಇಂಥ ದೀರ್ಘಾವಧಿಯ ಬೆಳೆಗೆ ಅಪಾಯಕರ. ೨೦೨೧ರ ಜೂನ್ ತಿಂಗಳಲ್ಲಿ ಒರೆಗಾನಿನಲ್ಲಿ ಹಿಂದೆಂದೂ ಕಾಣದ ಬಿಸಿಲು ಬಿದ್ದು, ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಉಷ್ಣತೆಯು ೪೬ ಡಿಗ್ರಿ ಸೆಂಟಿಗ್ರೇಡನ್ನು ದಾಟಿತು. ಆ ವರ್ಷ ನೆಟ್ಟ ಸಸಿಗಳು ಅಪಾರವಾಗಿ ಒಣಗಿದವು. ೨೦೨೪ರ ಸೆಪ್ಟೆಂಬರಿನಲ್ಲಿ ಉತ್ತರ ಕೆರೋಲಿನಾದ ಬೆಟ್ಟಗಳಲ್ಲಿ ಚಂಡಮಾರುತದ ಮಳೆಯಿಂದ ರಸ್ತೆಗಳು ಕೊಚ್ಚಿಹೋದುವು. ಕಡಿತಕ್ಕೆ ಇನ್ನು ಆರೇಳು ವಾರವಿತ್ತಷ್ಟೆ.

ಇಷ್ಟು ಅಡಚಣೆಗಳಿದ್ದರೂ ಸಣ್ಣ ಬೇಸಾಯಗಾರರು ಇದರಲ್ಲಿ ಲಾಭ ಪಡೆಯುತ್ತಿರುವುದು ಸುಳ್ಳಲ್ಲ. ಆದರೆ ಅವರು ನಡೆಯಿಸುವ ಕ್ರಮವೇ ಬೇರೆ. ಒಂದು ಎಕರೆಯನ್ನು ಒಮ್ಮೆಗೇ ನೆಟ್ಟುಬಿಡದೆ ಎಂಟು ಭಾಗ ಮಾಡಿ, ವರ್ಷಕ್ಕೆ ಒಂದು ಭಾಗದಂತೆ ಸುಮಾರು ಇನ್ನೂರು ಸಸಿಗಳನ್ನು ನೆಡುವರು. ಹೀಗೆ ಮಾಡುವುದರಿಂದ ಎಂಟನೆಯ ವರ್ಷದಿಂದ ಪ್ರತಿವರ್ಷವೂ ಒಂದಿಷ್ಟು ಮರಗಳು ಕಡಿತಕ್ಕೆ ಬರುವುವು; ಬೆಲೆ ಬಿದ್ದ ವರ್ಷ ನಷ್ಟವಾದರೂ ಎಂಟರಲ್ಲೊಂದು ಪಾಲಿಗೆ ಮಾತ್ರ. ಒಂದು ಎಕರೆಯ ಮರಗಳನ್ನು ಸವರುವುದಕ್ಕೆ ಮನೆಯವರೇ ಸಾಕು, ಕೂಲಿಯ ವೆಚ್ಚವಿಲ್ಲ. ಮುಖ್ಯವಾಗಿ ಇಂಥವರು ಮರವನ್ನು ಪೇಟೆಗೆ ಒಯ್ಯುವುದೇ ಇಲ್ಲ. ಪಟ್ಟಣದ ಸಂಸಾರಗಳು ಹೆಂಡಿರು ಮಕ್ಕಳೊಡನೆ ಹೊಲಕ್ಕೇ ಬಂದು, ತಮಗೆ ಬೇಕಾದ ಮರವನ್ನು ಆರಿಸಿ, ಬೆಳೆಗಾರನು ಕೊಟ್ಟ ಗರಗಸದಿಂದ ತಾವೇ ಕಡಿದು, ಕಾರಿನ ಮೇಲೆ ಕಟ್ಟಿಕೊಂಡು ಹೋಗುವರು. ಗಿರಾಕಿಯು ಕೊಡುವ ಪೂರ್ತಿ ಬೆಲೆಯು ಬೆಳೆಗಾರನ ಕೈಗೇ ಸೇರುವುದು. ಕೊಂಬೆಗಳಿಂದ ಕಟ್ಟಿದ ಮಾಲೆಚಕ್ರಗಳು, ಬಿಸಿಯಾದ ಪಾನೀಯ, ಮಕ್ಕಳಿಗೆ ಹುಲ್ಲಿನ ಗಾಡಿಯ ಸವಾರಿ ಇವುಗಳಿಂದಲೂ ನಾಲ್ಕು ಕಾಸು ಹುಟ್ಟುವುದುಂಟು. ಈ ವ್ಯಾಪಾರಕ್ಕೆ ಬೇಕಾದುದು ಪಟ್ಟಣಕ್ಕೆ ಸಮೀಪವಾದ ಜಮೀನು, ಬೇರೊಂದು ಜೀವನಾಧಾರ, ಮೊದಲ ಏಳು ವರ್ಷ ಬರಿಗೈಯಲ್ಲಿ ಕಾಯುವ ಶಕ್ತಿ. ಈ ಮೂರರಲ್ಲಿ ಒಂದು ಇಲ್ಲದವನು ದೊಡ್ಡ ಬೆಳೆಗಾರರೊಡನೆ ಸಗಟು ಬೆಲೆಯಲ್ಲಿ ಸೆಣಸಬೇಕಾಗುವುದು. ಅಲ್ಲಿ ಅವನು ಉಳಿಯುವುದು ದುರ್ಲಭ.

ಬೆಂಗಳೂರು ಸಹ ೩,೦೦೦ ಅಡಿ ಎತ್ತರದಲ್ಲಿದೆಯಲ್ಲ, ಫ್ರೇಸರ್ ಫರ್ ಅಲ್ಲಿ ಏಕೆ ಬೆಳೆಯಬಾರದೆಂದು ಕೆಲವರು ಕೇಳಬಹುದು. ಎತ್ತರವೊಂದೇ ಸಾಲದು. ಈ ಮರಗಳು ಹಿಮ ಬೀಳುವ ಚಳಿಗಾಲದಲ್ಲಿ ಕೆಲವು ತಿಂಗಳು ನಿದ್ರಿಸಿ ಎದ್ದ ಮೇಲೆಯೇ ಸರಿಯಾಗಿ ಚಿಗುರುವುವು. ಕರ್ನಾಟಕದಲ್ಲಿ ಅಂಥ ಚಳಿ ಎಲ್ಲಿಯೂ ಇಲ್ಲ. ಬೀಜ ತರಿಸಿ ಹಣ ಕಳೆದುಕೊಳ್ಳುವುದು ಬೇಡ. ಇಲ್ಲಿ ಡಿಸೆಂಬರ್ ತಿಂಗಳಲ್ಲಿ ಕುಂಡಗಳಲ್ಲಿ ಕ್ರಿಸ್ಮಸ್ ಮರವೆಂದು ಮಾರುವುದು ಅರಕೇರಿಯ ಎಂಬ ಬೇರೆ ಜಾತಿ. ಪೆಸಿಫಿಕ್ ಸಾಗರದ ದ್ವೀಪಗಳ ಈ ಮರವು ಬೆಂಗಳೂರಿನ ಹಳೆಯ ಬಂಗಲೆಗಳ ಆವರಣದಲ್ಲಿ ಎತ್ತರವಾಗಿ ಬೆಳೆದು ನಿಂತಿರುವುದನ್ನು ಎಲ್ಲರೂ ನೋಡಿರಬಹುದು. ಕರಾವಳಿಯ ಕಡೆ ಗಾಳಿಮರದ ಕೊಂಬೆಯನ್ನೇ ತಂದು ಸಿಂಗರಿಸುವ ಮನೆಗಳೂ ಉಂಟು. ಗಾಳಿಮರವನ್ನು ಸೌದೆಗಾಗಿಯೂ ಕಟ್ಟಡದ ಗಳುಗಳಿಗಾಗಿಯೂ ಬೆಳೆದವನಿಗೆ ತುದಿಯ ಕೊಂಬೆಗಳ ಮಾರಾಟವು ಮೇಲುಸಂಪಾದನೆ. ಹಬ್ಬದಲ್ಲಿ ಮಾರದಿದ್ದರೆ ಅಸಲಿಗೆ ಕೊರತೆಯಿಲ್ಲ.

ಅರಕೇರಿಯದ ಕುಂಡಗಳಿಗೂ ಇದೇ ಅನುಕೂಲವಿರುವುದು. ಬೇರುಸಹಿತ ಮಾರುವ ಗಿಡವಾದುದರಿಂದ ಈ ವರ್ಷ ಮಾರದೆ ಉಳಿದದ್ದು ಮುಂದಿನ ವರ್ಷಕ್ಕೆ ಇನ್ನಷ್ಟು ಎತ್ತರವಾಗಿ ಹೆಚ್ಚು ಬೆಲೆಗೆ ಹೋಗುವುದು. ಪಟ್ಟಣದ ಸಮೀಪದಲ್ಲಿ ನೀರೂ ನೆರಳೂ ಇರುವ ತೋಟದವರು ಬೇರೆ ಸಸಿಗಳ ಜೊತೆಯಲ್ಲಿ ಇದನ್ನೂ ಸ್ವಲ್ಪಮಟ್ಟಿಗೆ ಬೆಳೆಯಿಸಿ ನೋಡಬಹುದು. ಅದಕ್ಕೆ ಮುಂಚೆ ಸಸಿ ಮಾರುವ ವರ್ತಕರಲ್ಲಿ ನಾಲ್ಕಾರು ಮಂದಿಯನ್ನು ಕಂಡು, ಯಾವ ಎತ್ತರದ ಗಿಡಗಳು ಎಷ್ಟು ಬೇಕಾಗುವುವೆಂದು ಕೇಳಿ ತಿಳಿಯತಕ್ಕದ್ದು. ಬೀಜವು ಬಹುಕಾಲ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳದಾದುದರಿಂದ ತಾಜಾ ಬೀಜವನ್ನೇ ಬಿತ್ತಬೇಕು. ಕಡ್ಡಿಯಿಂದ ಬೇರು ಬರಿಸುವವರು ನೆತ್ತಿಯ ಚಿಗುರನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು. ಪಕ್ಕದ ಕೊಂಬೆಯೂ ಬೇರು ಬಿಡುವುದು, ಎಲೆಯೂ ಚೆನ್ನಾಗಿಯೇ ಇರುವುದು. ಆದರೆ ಅಂಥ ಗಿಡವು ಎಷ್ಟು ವರ್ಷವಾದರೂ ನೆಟ್ಟಗೆ ನಿಲ್ಲದೆ, ತಾಯಿಮರದ ಮೇಲೆ ಇದ್ದಂತೆಯೇ ಅಡ್ಡಲಾಗಿ ಬೆಳೆಯುತ್ತ ಹೋಗುವುದು.